ಡೊಂಬಿವಲಿಯಿಂದ ಮಾಟುಂಗಾಕ್ಕೆ 18 ಸಲ: ಕ್ಯಾನ್ಸರ್ ಚಿಕಿತ್ಸೆಯ ನಡುವೆ ಸೂಜಿಯಿಂದ ಏನಾಗುತ್ತದೆ?

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿರುವ ನನ್ನ ಅತ್ತಿಗೆಗೆ ಹೋದ ವರ್ಷ ತೆಂಗಿನಕಾಯಿ ತುರಿಯಲು ಆಗದೇ ಹೋಯಿತು. ತುರಿಮಣೆ ಮೇಲೆ ಕೂತು ಕಾಯಿಕಡಿ ಕೈಗೆತ್ತಿಕೊಂಡರೆ ಬೆರಳು ಮಡಚುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಮುಷ್ಟಿ ಕಟ್ಟಬೇಕಾದರೆ ಅರ್ಧ ಗಂಟೆ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂರಬೇಕಿತ್ತು. ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿತ್ತು, ಕೀಮೋ ಮುಗಿದಿತ್ತು, ಲೈಟೂ (ರೇಡಿಯೇಷನ್, ಅಂದರೆ ವಿಕಿರಣ ಚಿಕಿತ್ಸೆ) ಕೊಟ್ಟಾಗಿತ್ತು. ಇನ್ನು ದಿನಕ್ಕೊಂದು ಲೆಟ್ರೋಜೋಲ್ ಮಾತ್ರೆ, ಅಷ್ಟೇ ಅಂತ ನಾವೆಲ್ಲ ನಿಟ್ಟುಸಿರು ಬಿಟ್ಟಿದ್ದೆವು. ಆ ‘ಅಷ್ಟೇ’ ಅವರನ್ನು ಹೈರಾಣ ಮಾಡಿತು.

“ಇದನ್ನು ಬಿಟ್ಟೇ ಬಿಡ್ತೇನೆ ಮಾರಾಯ” ಅಂತ ಒಂದು ಭಾನುವಾರ ಹೇಳಿದರು. ಅದೇ ವಾರ ಮಹಿಳಾ ಮಂಡಳದ ಗೆಳತಿಯೊಬ್ಬರು ಮಾಟುಂಗಾದಲ್ಲಿ ಅಕ್ಯುಪಂಕ್ಚರ್, ಅಂದರೆ ಮೈಯ ಗೊತ್ತಾದ ಬಿಂದುಗಳಿಗೆ ತೆಳು ಸೂಜಿ ಚುಚ್ಚುವ ಚಿಕಿತ್ಸೆ, ಮಾಡುವವರ ನಂಬರ್ ಕೊಟ್ಟಿದ್ದರು. “ಚೀನಾದ ಸೂಜಿಗೀಜಿ ಎಲ್ಲ ಬೇಡ” ಅಂದ ಅಣ್ಣ. ಅತ್ತಿಗೆ ನನ್ನ ಕಡೆ ತಿರುಗಿ, “ನೀನು ಓದುವವನಲ್ವಾ, ಓದಿ ಹೇಳು” ಅಂದರು. ಓದಿದೆ. ಅವರ ಜೊತೆ ನಾಲ್ಕೈದು ಸಲ ಹೋಗಿ ಕೂತು ನೋಡಿಯೂ ಬಂದೆ.

ಮೊದಲು ಒಂದು ಗಂಟು ಬಿಡಿಸಬೇಕು. ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಯ ಸುತ್ತಮುತ್ತ ನಿಂತರೆ ಕಲಬುರಗಿ, ವಿಜಯಪುರ, ಬೀದರ್ ಕಡೆಯ ಕನ್ನಡ ಕಿವಿಗೆ ಬೀಳುತ್ತದೆ. ಫೈಲು ಬಗಲಲ್ಲಿ ಇಟ್ಟುಕೊಂಡು ಫುಟ್‌ಪಾತಿನಲ್ಲಿ ಕೂತವರ ಕೈಗೆ ಯಾರಾದರೂ ಚೀಟಿ ತುರುಕುತ್ತಾರೆ. ಗೋಮೂತ್ರ, ಯಾವುದೋ ಸೊಪ್ಪಿನ ರಸ, ಜೊತೆಗೆ ಸೂಜಿ. ಎಲ್ಲದರ ಮೇಲೂ ‘ಕ್ಯಾನ್ಸರ್ ಗುಣ’ ಎಂಬ ಎರಡು ಪದ. ಇಲ್ಲೇ ಗೊಂದಲ ಶುರುವಾಗುವುದು. ಸೂಜಿಯಿಂದ ಗೆಡ್ಡೆ ಕರಗುತ್ತದೆಯಾ? ಇಲ್ಲ. ಅದಕ್ಕೆ ಪುರಾವೆಯೇ ಇಲ್ಲ. ಗೆಡ್ಡೆಗೆ ಕೊಡುವ ಚಿಕಿತ್ಸೆಯಿಂದ ಬರುವ ನೋವು, ವಾಂತಿ, ಬಾಯಿ ಒಣಗುವುದು ಇವೆಲ್ಲ ಸ್ವಲ್ಪ ತಗ್ಗುತ್ತವೆಯಾ? ಇದು ಬೇರೆಯೇ ಪ್ರಶ್ನೆ. ಇದಕ್ಕೆ ಹೌದು, ಇಲ್ಲ ಅಂತ ಒಂದೇ ಉತ್ತರ ಇಲ್ಲ. ಯಾವ ತೊಂದರೆ ಅಂತ ಮೊದಲು ಕೇಳಬೇಕು.

ಅತ್ತಿಗೆಯ ತೊಂದರೆಯಿಂದಲೇ ಶುರು ಮಾಡೋಣ. ಕೆಲವು ಸ್ತನ ಕ್ಯಾನ್ಸರ್‌ಗಳು ಈಸ್ಟ್ರೋಜೆನ್ ಎಂಬ ಹಾರ್ಮೋನ್ ತಿಂದು ಬೆಳೆಯುತ್ತವೆ. ಮುಟ್ಟು ನಿಂತ ಮೇಲೂ ಹೆಂಗಸರ ಮೈಯಲ್ಲಿ, ಮುಖ್ಯವಾಗಿ ಕೊಬ್ಬಿನಲ್ಲಿ, ಒಂದಿಷ್ಟು ಈಸ್ಟ್ರೋಜೆನ್ ತಯಾರಾಗುತ್ತಲೇ ಇರುತ್ತದೆ. ಲೆಟ್ರೋಜೋಲ್, ಅನಾಸ್ಟ್ರೋಜೋಲ್‌ನಂಥ ಮಾತ್ರೆಗಳು ಆ ತಯಾರಿಕೆಯನ್ನೇ ನಿಲ್ಲಿಸುತ್ತವೆ. ಕ್ಯಾನ್ಸರ್ ಉಪವಾಸ ಬೀಳುತ್ತದೆ. ಆದರೆ ಕೈಕಾಲಿನ ಕೀಲುಗಂಟುಗಳಿಗೂ ಆ ಉಪವಾಸ ತಟ್ಟುತ್ತದೆ. ಈ ಮಾತ್ರೆ ನುಂಗುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಗಂಟುನೋವು ಬರುತ್ತದೆ. ನುಂಗಬೇಕಾದ್ದು 5 ವರ್ಷ, ಕೆಲವರು 10 ವರ್ಷ. ನೋವು ತಾಳಲಾರದೆ ನಡುವೆ ಬಿಡುವವರು ಬಹಳ. ಬಿಟ್ಟರೆ ಕ್ಯಾನ್ಸರ್ ಮರಳಿ ಬರುವ ಅಪಾಯ ಜಾಸ್ತಿ. ಅಂದರೆ ಬೆರಳು ಮಡಚದಿರುವುದು ಸಣ್ಣ ವಿಷಯವಲ್ಲ. ಜೀವ ಉಳಿಸುವ ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೋ ಹೊಟ್ಟೆಗೆ ಹೋಗುತ್ತದೋ ಎನ್ನುವುದು ಆ ಬೆರಳಿನ ಮೇಲೆ ನಿಂತಿದೆ.

ಈ ನೋವಿಗೆ ಸೂಜಿ ಹಾಕಿ ನೋಡಿದ ಒಂದು ದೊಡ್ಡ ಅಧ್ಯಯನ 2018ರಲ್ಲಿ ಅಮೆರಿಕದ ‘ಜಾಮಾ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 226 ಹೆಂಗಸರು. ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ನಿಜವಾದ ಅಕ್ಯುಪಂಕ್ಚರ್. ಇನ್ನೊಂದಕ್ಕೆ ಸುಳ್ಳು ಅಕ್ಯುಪಂಕ್ಚರ್, ಅಂದರೆ ಬಿಂದುವಲ್ಲದ ಜಾಗದಲ್ಲಿ ಮೇಲ್ಮೇಲೆ ಚುಚ್ಚುವುದು. ಮೂರನೆಯದಕ್ಕೆ ಏನೂ ಇಲ್ಲ, ಸರದಿಗೆ ಕಾಯಿರಿ ಅಂತ. 6 ವಾರ, ವಾರಕ್ಕೆರಡು ಸಲ. ಆಮೇಲೆ ಇನ್ನೂ 6 ವಾರ, ವಾರಕ್ಕೊಂದು ಸಲ. ಸೊನ್ನೆಯಿಂದ 10ರವರೆಗಿನ ನೋವಿನ ಅಳತೆಯಲ್ಲಿ 6 ವಾರದ ಹೊತ್ತಿಗೆ ನಿಜವಾದ ಸೂಜಿಯವರ ನೋವು ಸುಮಾರು 2 ಅಂಕ ಇಳಿದಿತ್ತು. ಉಳಿದ ಎರಡೂ ಗುಂಪುಗಳಲ್ಲಿ ಸುಮಾರು 1 ಅಂಕ.

ಇದನ್ನು ಓದಿ ನನಗೆ ಖುಷಿಯಾಯಿತು. ಮುಂದಿನ ಸಾಲು ಓದಿದಾಗ ಖುಷಿ ಅರ್ಧವಾಯಿತು. ಈ 1 ಅಂಕದ ವ್ಯತ್ಯಾಸ ದಿನದ ಬದುಕಿನಲ್ಲಿ ಎಷ್ಟು ಮುಖ್ಯ ಎಂಬುದು ಸ್ಪಷ್ಟವಿಲ್ಲ ಅಂತ ಸಂಶೋಧಕರೇ ಬರೆದಿದ್ದಾರೆ. ಸುಳ್ಳು ಹೇಳದವರ ಮೇಲೆ ನನಗೆ ಗೌರವ. ಹಾಗಿದ್ದರೂ 2022ರಲ್ಲಿ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ‘ಆಸ್ಕೋ’ ಮತ್ತು ಆಸ್ಪತ್ರೆ ಚಿಕಿತ್ಸೆಯ ಜೊತೆ ಪೂರಕ ಪದ್ಧತಿಗಳನ್ನೂ ನೋಡುವ ಸಮಗ್ರ ಆಂಕಾಲಜಿ ಸಂಘ ಸೇರಿ ಹೊರಡಿಸಿದ ಮಾರ್ಗಸೂಚಿ, ಈ ಮಾತ್ರೆಯಿಂದ ಬರುವ ಗಂಟುನೋವಿಗೆ ಅಕ್ಯುಪಂಕ್ಚರ್ ಕೊಡಬಹುದು ಅಂತ ಹೇಳಿತು. ಸೂಜಿಯ ಪರ ಇರುವ ಗಟ್ಟಿ ಮಾತುಗಳಲ್ಲಿ ಇದೊಂದು. ನಂಬಿಕೆಯವರ ಮಾತಲ್ಲ, ಕೀಮೋ ಕೊಡುವ ಡಾಕ್ಟರುಗಳ ಮಾತು.

ಆದರೆ ಇದೇ ನೋವಿಗೆ ಇನ್ನೊಂದು ಮದ್ದೂ ಇದೆ, ಅದರ ಸುದ್ದಿ ಯಾರೂ ವಾಟ್ಸಾಪಿನಲ್ಲಿ ಕಳಿಸುವುದಿಲ್ಲ. ನಡಿಗೆ. ಯೇಲ್ ವಿಶ್ವವಿದ್ಯಾಲಯದವರು ಇದೇ ಥರದ ಮಾತ್ರೆ ನುಂಗುತ್ತಿದ್ದ 121 ಹೆಂಗಸರಲ್ಲಿ ಅರ್ಧ ಮಂದಿಗೆ ವರ್ಷವಿಡೀ ವ್ಯಾಯಾಮ ಮಾಡಿಸಿದರು. ವಾರಕ್ಕೆ 150 ನಿಮಿಷ ಬೀಸು ನಡಿಗೆ, ಜೊತೆಗೆ ಎರಡು ದಿನ ಭಾರ ಎತ್ತುವುದು. ಅವರ ನೋವು 1.6 ಅಂಕ ಇಳಿಯಿತು, ಉಳಿದವರದ್ದು ಇಳಿಯಲೇ ಇಲ್ಲ. ಎರಡು ಬೇರೆ ಬೇರೆ ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ತೂಗುವುದು ಸರಿಯಲ್ಲ, ಗೊತ್ತು. ಆದರೂ ಮನೆ ನಡೆಸುವವರು ಹಾಗೇ ತೂಗುತ್ತಾರೆ.

ಇನ್ನು ವಾಂತಿ. ಅಕ್ಯುಪಂಕ್ಚರಿಗೆ ಹೆಸರು ಬಂದದ್ದೇ ಇದರಿಂದ. ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳಗಲ ಮೇಲೆ, ತೋಳಿನ ಒಳಬದಿಯ ಎರಡು ನರಗಳಂತೆ ಕಾಣುವ ಸ್ನಾಯುಬಳ್ಳಿಗಳ ನಡುವೆ ಒಂದು ಬಿಂದು. ಅದಕ್ಕೆ ಪಿ-6 ಅಂತ ಹೆಸರು. 1997ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ, ಆಪರೇಷನ್ ಮತ್ತು ಕೀಮೋ ನಂತರದ ವಾಂತಿಗೆ ಅಕ್ಯುಪಂಕ್ಚರ್ ಕೆಲಸ ಮಾಡುತ್ತದೆ ಅಂತ ಒಪ್ಪಿಕೊಂಡಿತು. 2000ದಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ 104 ಹೆಂಗಸರು ಜೋರು ಡೋಸಿನ ಕೀಮೋ ತೆಗೆದುಕೊಳ್ಳುತ್ತಿದ್ದರು. 5 ದಿನದಲ್ಲಿ ಬರೀ ಔಷಧಿಯವರು ಸುಮಾರು 15 ಸಲ ವಾಂತಿ ಮಾಡಿಕೊಂಡರು. ಔಷಧಿ ಜೊತೆ ಸೂಜಿಗೆ ಸಣ್ಣ ಕರೆಂಟೂ ಹಾಯಿಸಿದವರು 5 ಸಲ.

ಈ ಅಂಕಿ ಈಗಲೂ ಕ್ಲಿನಿಕ್ಕುಗಳ ಗೋಡೆ ಮೇಲೆ ಇರುತ್ತದೆ. ಅದರಲ್ಲಿ ಕಾಣದ ಒಂದು ಸಂಗತಿ: ಆ ಹೆಂಗಸರಿಗೆ ಕೊಟ್ಟದ್ದು ವಾಂತಿ ತಡೆಯುವ ಹಳೇ ಕಾಲದ ಔಷಧಿಗಳು. ಆಮೇಲೆ ಒಂಡಾನ್ಸೆಟ್ರಾನ್ ಮನೆಮಾತಾಯಿತು, ಅಪ್ರೆಪಿಟಂಟ್ ಬಂತು, ಓಲಾನ್ಜಪಿನ್ ಬಂತು. ಜರ್ಮನಿಯಲ್ಲಿ ಒಂಡಾನ್ಸೆಟ್ರಾನ್ ಕೊಟ್ಟ ಮೇಲೆ ಪಿ-6ಕ್ಕೆ ಸೂಜಿ ಹಾಕಿ ನೋಡಿದರು, ಸುಳ್ಳು ಸೂಜಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ನಮ್ಮ ಪರೇಲಿನಲ್ಲೇ, ಟಾಟಾ ಆಸ್ಪತ್ರೆಯಲ್ಲಿ, ಓಲಾನ್ಜಪಿನ್ನಿನ 10 ಮಿಲಿಗ್ರಾಂ ಬದಲು 2.5 ಮಿಲಿಗ್ರಾಂ ಕೊಟ್ಟರೂ ವಾಂತಿ ಅಷ್ಟೇ ನಿಲ್ಲುತ್ತದೆ, ನಿದ್ದೆಗಣ್ಣು ಕಡಿಮೆ ಅಂತ ತೋರಿಸಿದ ಅಧ್ಯಯನ 2024ರಲ್ಲಿ ಬಂತು. ಅಗ್ಗದ ಮಾತ್ರೆಯ ಕಾಲು ಭಾಗ! ಹಾಗಾಗಿ ಇವತ್ತು ವಾಂತಿಗೆಂದೇ ದುಡ್ಡು ಕೊಟ್ಟು ಸೂಜಿ ಹಾಕಿಸಿಕೊಳ್ಳುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಮಾತ್ರೆಗಳಿಗೂ ಬಗ್ಗದ ಹೊಟ್ಟೆ ತೊಳಸು ಉಳಿದರೆ ಪಿ-6 ಜಾಗವನ್ನು ಹೆಬ್ಬೆರಳಿನಿಂದ ನೀವೇ ಒತ್ತಿಕೊಳ್ಳಿ. ಖರ್ಚಿಲ್ಲ, ಹಾನಿಯಿಲ್ಲ.

ಬಾಯಿ ಒಣಗುವ ಕತೆ ಇದಕ್ಕಿಂತ ಸ್ವಾರಸ್ಯ. ನಮ್ಮವರಿಗೆ ಇದು ಹತ್ತಿರದ್ದು ಕೂಡ. ಎಲೆ, ಅಡಿಕೆ, ಹೊಗೆಸೊಪ್ಪು, ಆಮೇಲೆ ಗುಟ್ಕಾ. ಬಾಯಿ ಕ್ಯಾನ್ಸರ್ ಈ ದೇಶದ ಗಂಡಸರ ದೊಡ್ಡ ಶತ್ರು. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎಂದೋ ಹೇಳಿಯಾಗಿದೆ. ಅಡಿಕೆ ಬೆಳೆಯುವ ಊರಿಂದ ಬಂದ ನನಗೆ ಈ ಮಾತು ಗಂಟಲಲ್ಲಿ ಇಳಿಯುವುದು ಕಷ್ಟ, ಆದರೆ ಸತ್ಯ. ತಲೆ ಕುತ್ತಿಗೆ ಭಾಗಕ್ಕೆ ಲೈಟ್ ಕೊಟ್ಟಾಗ ಉಗುಳಿನ ಗ್ರಂಥಿಗಳೂ ಸುಡುತ್ತವೆ. ಆಮೇಲೆ ಅನ್ನದ ಅಗುಳು ಒಳಗಿಳಿಯಲು ಗುಟುಕು ನೀರು ಬೇಕು. ರಾತ್ರಿ ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ಹಲ್ಲು ಹುಳುಕಾಗುತ್ತದೆ.

ಇದನ್ನು ತಡೆಯಲು ಲೈಟ್ ಕೊಡುತ್ತಿರುವಾಗಲೇ ವಾರಕ್ಕೆ 3 ಸಲ ಸೂಜಿ ಹಾಕಿ ನೋಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. 399 ಜನ, ಎರಡು ಊರು: ಅಮೆರಿಕದ ಹ್ಯೂಸ್ಟನ್ ಮತ್ತು ಚೀನಾದ ಶಾಂಘೈ. ಒಂದು ವರ್ಷದ ನಂತರ, ನಿಜವಾದ ಸೂಜಿ ಹಾಕಿಸಿಕೊಂಡವರ ಬಾಯಿ ಏನೂ ಹಾಕಿಸಿಕೊಳ್ಳದವರಿಗಿಂತ ಕಡಿಮೆ ಒಣಗುತ್ತಿತ್ತು. ಸುಳ್ಳು ಸೂಜಿ ಎಲ್ಲೋ ನಡುವೆ. ಊರು ಊರು ಬೇರೆ ಮಾಡಿ ನೋಡಿದಾಗ ಮಜಾ ಶುರು. ಶಾಂಘೈಯಲ್ಲಿ ಸುಳ್ಳು ಸೂಜಿ ಹೆಚ್ಚುಕಡಿಮೆ ಕೆಲಸವೇ ಮಾಡಲಿಲ್ಲ. ಹ್ಯೂಸ್ಟನ್ನಿನಲ್ಲಿ ಸುಳ್ಳು ಸೂಜಿಗೂ ಜೋರು ಫಲ ಸಿಕ್ಕಿತು!

ಯಾಕೆ ಹೀಗೆ? ಯಾರಿಗೂ ಖಾತ್ರಿ ಇಲ್ಲ. ಸೂಜಿ ದಿನನಿತ್ಯದ ಮಾತಾಗಿರುವ ಕಡೆ ಅದರ ಮಾಯೆ ಕಡಿಮೆ ಇರಬಹುದು. ಹೊಸದಾಗಿ ಕಂಡವರಿಗೆ ಚುಚ್ಚಿದ್ದೆಲ್ಲ ಮದ್ದಾಗಿ ಕಾಣಬಹುದು. ಅಥವಾ ಸುಳ್ಳು ಅಂತ ನಾವು ಕರೆಯುವ ಸೂಜಿ ಪೂರ್ತಿ ಸುಳ್ಳೇ ಅಲ್ಲದಿರಬಹುದು. ಚರ್ಮ ಚುಚ್ಚಿದರೆ ಮೈ ಸುಮ್ನೆ ಇರುವುದಿಲ್ಲವಲ್ಲ. ಅಕ್ಯುಪಂಕ್ಚರ್ ಸಂಶೋಧನೆಯ ದೊಡ್ಡ ತಲೆನೋವೇ ಇದು. ಮಾತ್ರೆಗಾದರೆ ಸಕ್ಕರೆ ಗುಳಿಗೆ ಕೊಟ್ಟು ಮೋಸ ಮಾಡಬಹುದು. ಸೂಜಿಗೆ ಮೋಸ ಹೇಗೆ? 1998ರಲ್ಲಿ ಜರ್ಮನಿಯವರು ನಾಟಕದ ಚೂರಿಯ ಹಾಗೆ ಹಿಡಿಯೊಳಗೇ ಜಾರಿಹೋಗುವ ಮೊಂಡು ಸೂಜಿ ಮಾಡಿದರು. ಚುಚ್ಚಿದಂತೆ ಅನಿಸುತ್ತದೆ, ಚುಚ್ಚಿರುವುದಿಲ್ಲ. ಆದರೂ ಚುಚ್ಚುವವನಿಗೆ ಗೊತ್ತಿರುತ್ತದೆ. ಅವನ ಮುಖಕ್ಕೆ ಮೊಂಡು ಸೂಜಿ ಮಾಡಲು ಬರುವುದಿಲ್ಲ.

ಮಾಟುಂಗಾದ ಆ ಕೋಣೆಯಲ್ಲಿ ಕೂತಾಗ ನನಗೆ ಇದೇ ಯೋಚನೆ. ಕೆಳಗೆ ಉಡುಪಿ ಹೋಟೆಲಿನ ಸಾಂಬಾರಿನ ವಾಸನೆ, ಮೇಲೆ ಸ್ಪಿರಿಟ್ ವಾಸನೆ. ಸೂಜಿ ಅಂದರೆ ಇಂಜೆಕ್ಷನ್ ಸೂಜಿ ಅಂದುಕೊಂಡಿದ್ದೆ. ಇದು ತಲೆಗೂದಲಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಪ್ಲಾಸ್ಟಿಕ್ ಕೊಳವೆಯೊಳಗಿಟ್ಟು ಬೆರಳಿನಿಂದ ಟಪ್ ಅಂತ ತಟ್ಟಿದರೆ ಒಳಗೆ ಇಳಿಯುತ್ತದೆ. ಅತ್ತಿಗೆಯ ಎರಡು ಕಾಲು, ಒಂದು ಕೈ, ಕಿವಿ. ಆಪರೇಷನ್ ಆದ ಕಡೆಯ ಕೈ ಮುಟ್ಟಲಿಲ್ಲ. ಸೂಜಿಯನ್ನು ಸ್ವಲ್ಪ ತಿರುಗಿಸಿ “ಭಾರ ಆಯ್ತಾ, ಜುಮ್ ಅಂತಾ?” ಅಂತ ಕೇಳಿದರು. ಅತ್ತಿಗೆ “ಹೂಂ” ಅಂದರು. ಆಮೇಲೆ ದೀಪ ತಗ್ಗಿಸಿ ಇಪ್ಪತ್ತೈದು ನಿಮಿಷ ಮಲಗಿಸಿದರು. ಅತ್ತಿಗೆಗೆ ಗೊರಕೆ ಬಂತು.

ಕ್ಯಾನ್ಸರ್ ಆದಾಗಿನಿಂದ ಒಬ್ಬರು ಅವರ ಪಕ್ಕ ಕೂತು “ಎಲ್ಲಿ ನೋವು, ಯಾವಾಗ ಜಾಸ್ತಿ, ನಿದ್ದೆ ಬರುತ್ತಾ” ಅಂತ ಇಷ್ಟು ಹೊತ್ತು ಕೇಳಿದ್ದು ಅದೇ ಮೊದಲು. ದೊಡ್ಡ ಆಸ್ಪತ್ರೆಯ ಡಾಕ್ಟರನ್ನು ದೂರುವಂತಿಲ್ಲ. ಅವರ ಬಾಗಿಲಲ್ಲಿ ಸಾಲು ಮೆಟ್ಟಿಲಿಳಿದಿರುತ್ತದೆ. ಆದರೆ ಸೂಜಿಯ ಫಲದಲ್ಲಿ ಎಷ್ಟು ಪಾಲು ಸೂಜಿಯದ್ದು, ಎಷ್ಟು ಪಾಲು ಈ ಇಪ್ಪತ್ತೈದು ನಿಮಿಷದ್ದು? ಅಧ್ಯಯನಗಳ ಲೆಕ್ಕದಲ್ಲಿ ಎರಡನೆಯದನ್ನು ಕಳೆದು ಬಿಸಾಡುತ್ತಾರೆ. ನೋವಿರುವವರು ಯಾಕೆ ಬಿಸಾಡಬೇಕು ಅನ್ನುವುದು ನನ್ನ ತಕರಾರು. ಅದೇ ಹೊತ್ತಿಗೆ, ಬರೀ ಗಮನವೇ ಮದ್ದಾಗಿದ್ದರೆ ಅದಕ್ಕೆ ಸೂಜಿಯೇ ಬೇಕಾ ಎಂಬುದೂ ನನ್ನದೇ ತಕರಾರು.

ಅಣ್ಣನ ‘ಚೀನಾದ ಸೂಜಿ’ ಮಾತಿಗೆ ಇಲ್ಲೊಂದು ಉತ್ತರ ಸಿಕ್ಕಿತು. 1938ರಲ್ಲಿ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಒಬ್ಬರು. ಓದಿದ್ದು ಟಾಟಾ ಆಸ್ಪತ್ರೆಯ ನೆರೆಯಲ್ಲೇ ಇರುವ ಪರೇಲಿನ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ. ಅವರು ಚೀನಾದಲ್ಲೇ 1942ರಲ್ಲಿ ತೀರಿಕೊಂಡರು. ಅದೇ ತಂಡದ ಬಂಗಾಳದ ಡಾ. ಬಿ.ಕೆ. ಬಸು ಮರಳಿ ಬಂದರು, ಮತ್ತೆ ಚೀನಾಕ್ಕೆ ಹೋಗಿ ಸೂಜಿ ಕಲಿತು 1959ರಲ್ಲಿ ಕೋಲ್ಕತ್ತಾಕ್ಕೆ ತಂದರು. ಪಶ್ಚಿಮ ಬಂಗಾಳ 1996ರಲ್ಲೇ ಇದಕ್ಕೆ ಕಾನೂನು ಮಾಡಿತು. ಮಹಾರಾಷ್ಟ್ರದ ಕಾನೂನು 2015ರದ್ದು, ಅದರಡಿ ಪ್ರತ್ಯೇಕ ಮಂಡಳಿಯೂ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು ಸ್ವತಂತ್ರ ಪದ್ಧತಿ ಅಂತ ಒಪ್ಪಿತು. ಹಾಗಾಗಿ ಮುಂಬೈ, ಪುಣೆಯಲ್ಲಿ ಯಾರ ಕೈಗಾದರೂ ಮೈ ಒಪ್ಪಿಸುವ ಮೊದಲು “ನಿಮ್ಮ ನೋಂದಣಿ ನಂಬರ್ ಯಾವುದು?” ಅಂತ ಕೇಳುವ ಹಕ್ಕು ನಿಮಗಿದೆ. ಮುಜುಗರ ಬೇಡ.

ನೋಂದಣಿ ಇದ್ದರೂ ಕ್ಯಾನ್ಸರ್ ರೋಗಿಗೆ ಸೂಜಿ ಹಾಕುವುದು ಸೊಂಟನೋವಿಗೆ ಹಾಕಿದ ಹಾಗಲ್ಲ. ಕೀಮೋ ಆದ ಒಂದೆರಡು ವಾರಕ್ಕೆ ‘ಕೌಂಟ್ ಬೀಳುತ್ತದೆ’ ಅಂತ ವಾರ್ಡಿನಲ್ಲಿ ಎಲ್ಲರೂ ಹೇಳುವ ಮಾತಿದೆಯಲ್ಲ, ವಿಷಯ ಇರುವುದು ಅಲ್ಲಿ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕಾದ್ದು ಕೆಳಗಿಳಿಯುತ್ತದೆ. 50 ಸಾವಿರಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಸೂಜಿ ಬೇಡ ಅನ್ನುತ್ತಾರೆ, ಚುಚ್ಚಿದಲ್ಲಿ ರಕ್ತ ನಿಲ್ಲದೆ ಇರಬಹುದು. ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ 500ಕ್ಕಿಂತ ಕೆಳಗಿದ್ದರೆ ಬೇಡವೇ ಬೇಡ. ಗೆಡ್ಡೆ ಇರುವ ಜಾಗಕ್ಕೆ, ಕಂಕುಳಿನ ಗ್ರಂಥಿ ತೆಗೆದು ಊದಿಕೊಂಡ ಕೈಗೆ, ಕೀಮೋ ಕೊಡಲು ಚರ್ಮದಡಿ ಕೂರಿಸಿದ ಪೋರ್ಟಿನ ಪಕ್ಕ ಚುಚ್ಚಬಾರದು. ಪೇಸ್‌ಮೇಕರ್ ಇದ್ದವರಿಗೆ ಕರೆಂಟ್ ಸೂಜಿ ಬೇಡ. ಸೂಜಿ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು, ಒಮ್ಮೆ ಬಳಸಿ ಡಬ್ಬಿಗೆ ಹಾಕಬೇಕು. ಹಳೇ ಸೂಜಿಯಿಂದ ಹೆಪಟೈಟಿಸ್ ಬಿ ಹರಡಿದ ಉದಾಹರಣೆಗಳಿವೆ.

ಸೂಜಿ ಹಾಕುವವರು ನಿಮ್ಮ ಹೊಸ ರಕ್ತಪರೀಕ್ಷೆಯ ಕಾಗದ ಕೇಳಲಿಲ್ಲ ಅಂದರೆ ಎದ್ದು ಬನ್ನಿ. ಅತ್ತಿಗೆ ಮಾಟುಂಗಾಕ್ಕೆ ಹೋಗುವ ಮೊದಲು ಮನೆ ಹತ್ತಿರದ ಇನ್ನೊಂದು ಕಡೆ ಹೋಗಿದ್ದರು. ಅಲ್ಲಿ ಕೂತವರು ಕಾಗದ ನೋಡಲಿಲ್ಲ, ನಾಡಿ ಹಿಡಿದು ನಾಲಿಗೆ ನೋಡಿ, “ಆ ಮಾತ್ರೆ ನಿಲ್ಲಿಸಿ, ಅದೇ ವಿಷ. ಮೂರು ತಿಂಗಳಲ್ಲಿ ನಾನು ಸರಿ ಮಾಡ್ತೇನೆ” ಅಂದರಂತೆ. ಅತ್ತಿಗೆ ನಾಲ್ಕು ದಿನ ಮಾತ್ರೆ ಬಿಟ್ಟಿದ್ದು ನಮಗೆ ಆಮೇಲೆ ಗೊತ್ತಾಯಿತು. ನನಗೆ ಸೂಜಿಯ ಬಗ್ಗೆ ಇರುವ ಭಯ ಇದೊಂದೇ. ಚುಚ್ಚುವುದಲ್ಲ, ಬಿಡಿಸುವುದು. ಯೇಲ್‌ನವರದ್ದೇ 2018ರ ಇನ್ನೊಂದು ಅಧ್ಯಯನ ಇದೆ. ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಬರೀ ಪರ್ಯಾಯ ಪದ್ಧತಿ ಹಿಡಿದ 281 ಜನರನ್ನು, ಅದೇ ಹಂತದ ಕ್ಯಾನ್ಸರಿಗೆ ಆಸ್ಪತ್ರೆ ಚಿಕಿತ್ಸೆ ಪಡೆದವರ ಜೊತೆ ಹೋಲಿಸಿದರು. ಬಿಟ್ಟವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಮೇಲೆ. ಅವರು ಸೂಜಿಯಿಂದ ಸತ್ತದ್ದಲ್ಲ, ಬಿಟ್ಟದ್ದರಿಂದ ಸತ್ತದ್ದು.

ಇದನ್ನು ತಡೆಯುವ ಕೆಲಸ ಆಸ್ಪತ್ರೆಯ ಕಡೆಯಿಂದಲೂ ಆಗಬೇಕು. ರೋಗಿಗಳು ಸೂಜಿ, ಕಷಾಯದ ವಿಷಯ ಡಾಕ್ಟರಿಗೆ ಹೇಳುವುದಿಲ್ಲ, ಬೈತಾರೆ ಅಂತ. ಅತ್ತಿಗೆಯೂ ಹೇಳಿರಲಿಲ್ಲ. ನಾನು ಒತ್ತಾಯ ಮಾಡಿದ ಮೇಲೆ ಹೇಳಿದರು. ಆಂಕಾಲಜಿಸ್ಟ್, ಅಂದರೆ ಕ್ಯಾನ್ಸರ್ ಡಾಕ್ಟರು, ಬೈಯಲಿಲ್ಲ. “ಮಾಡಿಸಿಕೊಳ್ಳಿ, ಆ ಕೈಗೆ ಬೇಡ, ಮಾತ್ರೆ ಬಿಡಬೇಡಿ” ಅಂದರು. ಅರ್ಧ ನಿಮಿಷದ ಮಾತು.

ಉಳಿದ ತೊಂದರೆಗಳ ವಿಷಯ ಚುಟುಕಾಗಿ ಹೇಳಬಹುದು. ಕ್ಯಾನ್ಸರ್ ದಾಟಿದವರ ದೀರ್ಘಕಾಲದ ಸ್ನಾಯು, ಮೂಳೆ ನೋವಿಗೆ 360 ಜನರ ಮೇಲೆ ನಡೆದು 2021ರಲ್ಲಿ ಬಂದ ಒಂದು ಅಧ್ಯಯನ ಸೂಜಿಯ ಪರವಾಗಿದೆ, ಆದರೆ ಅದರಲ್ಲಿ ಸುಳ್ಳು ಸೂಜಿಯ ಗುಂಪು ಇರಲಿಲ್ಲ. ಸುಸ್ತು ಮತ್ತು ಇದ್ದಕ್ಕಿದ್ದಂತೆ ಮೈ ಬಿಸಿಯೇರುವುದಕ್ಕೆ (ಹಾಟ್ ಫ್ಲಶ್) ಸ್ವಲ್ಪ ಸಹಾಯ ಇರಬಹುದು. ಕೈಕಾಲು ಜೋಮು ಹಿಡಿಯುವುದಕ್ಕೆ ಸಣ್ಣ ಸಣ್ಣ ಅಧ್ಯಯನಗಳಿವೆ, ಅವನ್ನು ನಂಬಿ ದುಡ್ಡು ಹಾಕಲು ನಾನಾದರೆ ಹಿಂದೆಮುಂದೆ ನೋಡುತ್ತೇನೆ.

ದುಡ್ಡು ಅಂದಾಗ ನೆನಪಾಯಿತು. ಅಮೆರಿಕದ ಅಧ್ಯಯನದ ಲೆಕ್ಕದಲ್ಲಿ 12 ಮತ್ತು 6, ಒಟ್ಟು 18 ಸಲ. ಅತ್ತಿಗೆ ಕೊಟ್ಟದ್ದು ಸಲಕ್ಕೆ 600 ರೂಪಾಯಿ. 18 ಸಲವೂ ಹೋದರೆ 10,800. ಡೊಂಬಿವಲಿಯಿಂದ ಸ್ಲೋ ಲೋಕಲ್‌ನಲ್ಲಿ ಮಾಟುಂಗಾಕ್ಕೆ ಹತ್ತಿರ ಹತ್ತಿರ ಒಂದು ಗಂಟೆ, ಬರುವಾಗ ಸಂಜೆಯ ನೂಕುನುಗ್ಗಲು. ಗಂಟುನೋವಿಗೆ ಸೂಜಿ ಹಾಕಿಸಿಕೊಂಡು ಬಂದು ಲೇಡೀಸ್ ಡಬ್ಬಿಯ ಕಂಬಿ ಹಿಡಿದು ನೇತಾಡಿದರೆ ಆ 1 ಅಂಕ ಕುರ್ಲಾ ದಾಟುವ ಮೊದಲೇ ಖಾಲಿ. ಅಧ್ಯಯನ ಮಾಡಿದವರು ಮುಂಬೈ ಲೋಕಲ್ ಹತ್ತಿದವರಲ್ಲ ಪಾಪ.

ಹಾಗಾಗಿ ಸೂಜಿ ಎಲ್ಲಿ ಸಿಗುತ್ತದೆ ಎನ್ನುವುದು ಸೂಜಿ ಕೆಲಸ ಮಾಡುತ್ತದಾ ಎನ್ನುವಷ್ಟೇ ಮುಖ್ಯ. ಬಾಯಿ ಕ್ಯಾನ್ಸರಿನವರು ಲೈಟಿಗಾಗಿ 6-7 ವಾರ, ವಾರಕ್ಕೆ 5 ದಿನ ಹೇಗೂ ಆಸ್ಪತ್ರೆಗೆ ಬರುತ್ತಾರೆ. ಅದೇ ಕಟ್ಟಡದಲ್ಲಿ ಅವರ ರಕ್ತಪರೀಕ್ಷೆ ಗೊತ್ತಿರುವವರೇ ಸೂಜಿ ಹಾಕಿದರೆ ಹೆಚ್ಚಿನ ಓಡಾಟವಿಲ್ಲ, ‘ಮಾತ್ರೆ ಬಿಡಿ’ ಅನ್ನುವವರಿಲ್ಲ. ಲೆಟ್ರೋಜೋಲಿನವರ ಕತೆ ಬೇರೆ. ಅವರು ಮೂರು ಅಥವಾ ಆರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುವವರು. ಅವರಿಗೆ ಮನೆ ಹತ್ತಿರ ನಂಬುವಂಥವರು ಸಿಕ್ಕರೆ ಸೂಜಿ, ಇಲ್ಲದಿದ್ದರೆ ನಡಿಗೆ. ನಾನು ಹಾಗೇ ಹೇಳಿದೆ.

ಅತ್ತಿಗೆ 11 ಸಲ ಹೋದರು. ಆರನೇ ಸಲದಿಂದ ಬೆಳಗಿನ ಬಿಸಿನೀರು ಹತ್ತು ನಿಮಿಷಕ್ಕೆ ಇಳಿಯಿತು. ಆಮೇಲೆ ಮಳೆ ಹಿಡಿಯಿತು, ಒಂದು ಮಧ್ಯಾಹ್ನ ಹಳಿ ಮೇಲೆ ನೀರು ನಿಂತು ಸಾಯನ್ ಹತ್ತಿರ ಮೂರು ಗಂಟೆ ಡಬ್ಬಿಯಲ್ಲೇ ಕೂತರು. ಆವತ್ತಿಗೆ ಸೂಜಿ ಮುಗಿಯಿತು. ಈಗ ಸಂಜೆ ಪಕ್ಕದ ಮನೆಯವರ ಜೊತೆ ಮುಕ್ಕಾಲು ಗಂಟೆ ನಡೆಯುತ್ತಾರೆ. ನೋವು ಹೋಗಿಲ್ಲ, ಆದರೆ ಮೊದಲಿನಷ್ಟಿಲ್ಲ. ಸೂಜಿಯಿಂದಲೋ ನಡಿಗೆಯಿಂದಲೋ ಸುಮ್ನೆ ದಿನ ಕಳೆದದ್ದರಿಂದಲೋ ಅಂತ ಕೇಳಿದರೆ ನಗುತ್ತಾರೆ. ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ, ಆ ನಾಲ್ಕು ದಿನ ಬಿಟ್ಟರೆ, ಲೆಟ್ರೋಜೋಲಿನ ಟಿಕ್ ಒಂದು ದಿನವೂ ತಪ್ಪಿಲ್ಲ. ಕಾಯಿ ತುರಿಯುವ ಕೆಲಸ ಮಾತ್ರ ಅಣ್ಣನಿಗೆ ಕಾಯಂ ಆಗಿದೆ.